ರಾಕ್ ಹಾಡಿನ ಒಳಗುಟ್ಟು: ಪಲ್ಲವಿಗೆ ಮರುಳಾಗಬೇಡಿ, ಚರಣ ಹಿಡಿಯಿರಿ

ಚಿಂತಾಮಣಿ ತಾಲ್ಲೂಕಿನ ಕೈವಾರದ ಸುತ್ತ ಸಂತ ಕವಿ ತಾತಯ್ಯನವರ ತತ್ವಪದ ಕೇಳಿ ಬೆಳೆದವರಿಗೆ, ಹಾಡಿನಲ್ಲಿ ಮೇಲೊಂದು ಮಾತು ಒಳಗೊಂದು ಮಾತು ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಕನ್ನಡ, ಭಜನೆಯಲ್ಲಿ ತೆಲುಗು ಕೇಳಿ ಪಳಗಿದ ಗಡಿನಾಡಿನ ಕಿವಿ ಅದು. ಇಂಗ್ಲಿಷ್ ರಾಕ್ ಹಾಡಿನ ಮುಂದೆ ಮಾತ್ರ ಯಾಕೋ ಸೋಲುತ್ತದೆ. ಒಂದೋ ಗಿಟಾರ್ ಕೇಳಿ ಸುಮ್ಮನಾಗುತ್ತದೆ, ಇಲ್ಲವೇ ‘ಇದರಲ್ಲಿ ಸೈತಾನನ ಮಂತ್ರ ಇದೆಯಂತೆ’ ಎಂಬ ವಾಟ್ಸ್ಆ್ಯಪ್ ಸಂದೇಶ ನಂಬುತ್ತದೆ.

ಆ ಒಳಮಾತು ಬಿಡಿಸಲು ನಾಲ್ಕು ನಿಮಿಷದ ಹಾಡಿಗೆ ಎರಡು ಗಂಟೆ ಎತ್ತಿಡಿ. ಮೊಬೈಲ್, ಇಯರ್‌ಫೋನ್, ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್ ಸಾಕು. ಪೆನ್ನು ಬೇಡ, ಅಳಿಸುವುದು ಬಹಳ ಇರುತ್ತದೆ.

ಮೊದಲು ಕಿವಿ, ಆಮೇಲೆ ಕಣ್ಣು

ಸಾಹಿತ್ಯ ನೋಡದೆ ಮೂರು ಸಲ ಕೇಳಿ. ಮೂರನೆಯ ಸಲ ಕೇಳಿಸಿದಷ್ಟನ್ನು ಬರೆಯಿರಿ, ಗೊತ್ತಾಗದ ಕಡೆ ಬರೀ ಗೆರೆ ಎಳೆಯಿರಿ. ಯೂಟ್ಯೂಬ್‌ನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ವೇಗವನ್ನು 0.75ಕ್ಕೆ ಇಳಿಸಬಹುದು. 0.5ಕ್ಕೆ ಇಳಿಸಿದರೆ ಅಕ್ಷರಗಳು ಎಳೆದಾಡಿ ಹಾಳಾಗುತ್ತವೆ. ಇದಾದ ಮೇಲೆ ಸಾಹಿತ್ಯ ತೆರೆದು ತಾಳೆ ನೋಡಿ. ಆಲ್ಬಂ ಕವರಿನೊಳಗೆ ಅಚ್ಚಾದ ಸಾಹಿತ್ಯ ಸಿಕ್ಕರೆ ಅದನ್ನೇ ನಂಬಿ. ವೆಬ್‌ಸೈಟ್‌ಗಳು ಒಂದನ್ನೊಂದು ನಕಲು ಮಾಡುವುದರಿಂದ ಹತ್ತು ಕಡೆ ಒಂದೇ ಸಾಲು ಇದೆ ಎಂದ ಮಾತ್ರಕ್ಕೆ ಅದು ಸರಿ ಎಂದಲ್ಲ. 1967ರ ‘ಪರ್ಪಲ್ ಹೇಜ್’ ಹಾಡಿನಲ್ಲಿ ಜಿಮಿ ಹೆಂಡ್ರಿಕ್ಸ್ ಆಕಾಶಕ್ಕೆ ಮುತ್ತಿಡುವ ಮಾತಾಡಿದರೆ, ಅದನ್ನು ‘ಈ ಹುಡುಗನಿಗೆ ಮುತ್ತಿಡುತ್ತೇನೆ’ ಎಂದು ಕೇಳಿಸಿಕೊಂಡವರಿಗೆ ಲೆಕ್ಕವಿಲ್ಲ.

‘ನಾನು’ ಅಂದರೆ ಯಾರು?

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಹಾಡಿನ ‘ನಾನು’ ಹಾಡುಗಾರನೇ ಆಗಬೇಕಿಲ್ಲ. ನಾಟಕದ ಪಾತ್ರದ ಹಾಗೆ ಅದೊಂದು ವೇಷ. ಇದಕ್ಕೆ ಸುಲಭದ ಉಪಾಯವಿದೆ. ‘ನಾನು’ ಇದ್ದಲ್ಲೆಲ್ಲ ‘ಅವನು’ ಎಂದು ಹಾಕಿ, ಕಥೆಯನ್ನು ಆಡುಮಾತಿನಲ್ಲಿ ಐದು ವಾಕ್ಯಕ್ಕೆ ಇಳಿಸಿ. ‘ದಿ ಪೊಲೀಸ್’ ಎಂಬ ರಾಕ್ ತಂಡದ 1983ರ ‘ಎವೆರಿ ಬ್ರೆತ್ ಯು ಟೇಕ್’ ಅನ್ನು ಪ್ರೇಮಗೀತೆ ಎಂದುಕೊಂಡು ಮದುವೆಗಳಲ್ಲಿ ನುಡಿಸುವವರಿದ್ದಾರೆ. ಅದನ್ನು ಹೀಗೆ ಬರೆದು ನೋಡಿ: ‘ಅವಳು ಬಿಟ್ಟುಹೋಗಿದ್ದಾಳೆ. ಅವನು ಮಾತ್ರ ಅವಳ ಉಸಿರು, ಹೆಜ್ಜೆ ಎಲ್ಲದರ ಮೇಲೂ ಕಣ್ಣಿಟ್ಟೇ ಇದ್ದಾನೆ. ಅವಳು ತನ್ನವಳು ಅನ್ನುತ್ತಾನೆ.’ ಇಷ್ಟು ಬರೆದ ಮೇಲೆ ಮದುವೆ ಮನೆಯಲ್ಲಿ ಅದನ್ನು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ.

ಪಲ್ಲವಿಯ ಮೋಸ ಇದಕ್ಕಿಂತ ದೊಡ್ಡದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1984ರ ‘ಬಾರ್ನ್ ಇನ್ ದಿ ಯು.ಎಸ್.ಎ.’ ಪಲ್ಲವಿ ಮುಷ್ಟಿ ಎತ್ತಿ ಕೂಗುವಂತಿದೆ, ದೇಶಭಕ್ತಿ ಗೀತೆಯೇ ಸರಿ ಅನ್ನಿಸುತ್ತದೆ. ಚರಣಕ್ಕೆ ಬನ್ನಿ: ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನಿಗೆ ಊರಿನ ಕಾರ್ಖಾನೆಯಲ್ಲಿ ಕೆಲಸವಿಲ್ಲ, ಹೋಗಲು ದಾರಿಯೂ ಇಲ್ಲ. ಚರಣ ಓದಿದವರಿಗೆ ಅದೇ ಪಲ್ಲವಿ ಹೆಮ್ಮೆಯ ಕೂಗಲ್ಲ, ಒಡಲ ಸಂಕಟದ ಕೂಗು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಚರಣಗಳನ್ನು ಮೊದಲು ಬರೆದು, ಪಲ್ಲವಿಯನ್ನು ಕೊನೆಗೆ ಒಂದೇ ಸಲ ಬರೆಯಿರಿ.

ಊರ ಮಾತು, ಇಸವಿ

‘ಅವನು ಕೈಕೊಟ್ಟ’ ಎಂಬುದನ್ನು ಪದಕ್ಕೆ ಪದ ಅನುವಾದಿಸಿದರೆ ಏನಾಗುತ್ತದೆಯೋ ಅದೇ ಗತಿ ‘ಲೂಸಿಂಗ್ ಮೈ ರಿಲಿಜನ್’ ಹಾಡಿಗೂ ಆಗಿದೆ. 1991ರ ಈ ಹಾಡಿನ ಆರ್‌.ಇ.ಎಂ. ತಂಡ ಅಮೆರಿಕದ ಜಾರ್ಜಿಯಾದ್ದು. ಅದು ಅಮೆರಿಕ ದೇಶದ ದಕ್ಷಿಣ ಭಾಗ. ಅಲ್ಲಿ ಆ ಮಾತಿಗೆ ತಾಳ್ಮೆ ಕಟ್ಟೊಡೆಯುವುದು ಎಂದರ್ಥ, ಧರ್ಮ ಬಿಡುವುದಲ್ಲ. ಅರ್ಥ ಕೂಡದ ನುಡಿಗಟ್ಟು ಬಂದರೆ ತಂಡದ ಊರು ಯಾವುದು ಎಂದು ನೋಡಿ, ಆ ಸೀಮೆಯ ಮಾತಿನಲ್ಲಿ ಹುಡುಕಿ.

ಹಾಡಿನಲ್ಲಿ ಅಂಕಿ ಬಂದರೆ ಬಿಡಲೇಬೇಡಿ. ದಿ ಕ್ರ್ಯಾನ್‌ಬೆರೀಸ್ ತಂಡದ 1994ರ ‘ಝಾಂಬಿ’ ದೆವ್ವದ ಹಾಡು ಎಂದುಕೊಂಡವರು ಅದರಲ್ಲಿ ಬರುವ 1916 ಎಂಬ ಇಸವಿಯನ್ನು ಹಿಡಿದರೆ ಸಾಕು: ಅದು ಡಬ್ಲಿನ್‌ನ ಈಸ್ಟರ್ ದಂಗೆಯ ವರ್ಷ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರಿಷರು ಎದ್ದದ್ದು. ಹಾಡು ಬಿಡುಗಡೆಯಾಗುವ ಹಿಂದಿನ ಒಂದೆರಡು ವರ್ಷದ ಸುದ್ದಿಯನ್ನೂ ನೋಡಿ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಐ.ಆರ್.ಎ. ಎಂಬ ಐರಿಷ್ ಸಶಸ್ತ್ರ ಸಂಘಟನೆಯ ಬಾಂಬಿಗೆ ಇಬ್ಬರು ಮಕ್ಕಳು ಬಲಿಯಾಗಿದ್ದರು.

ವಿಡಿಯೊ: ಶಬ್ದ ಬಂದ್ ಮಾಡಿ

ಮೊದಲ ಸಲ ಮ್ಯೂಟ್ ಮಾಡಿಯೇ ನೋಡಬೇಕು. ಪುಟದಲ್ಲಿ ಮೂರು ಕಾಲಂ ಎಳೆಯಿರಿ: ನಿಮಿಷ-ಸೆಕೆಂಡ್, ವಸ್ತು, ಬಣ್ಣ. ಎಲ್ಲ ಶಾಟ್ ಬರೆಯಲು ಹೋದರೆ ಕೈ ಸೋಲುತ್ತದೆ, ಮೂರು ಸಲ ಮರಳಿ ಬರುವುದನ್ನು ಮಾತ್ರ ಬರೆಯಿರಿ. ತಂಡ ನುಡಿಸುವ ಶಾಟ್‌ಗಳನ್ನು ಕಥೆಯ ಶಾಟ್‌ಗಳ ಜತೆ ಬೆರೆಸಬೇಡಿ.

ನಮ್ಮ ಕಣ್ಣಿನ ಅರ್ಥವನ್ನು ತುರುಕುವುದು ಇಲ್ಲಿನ ದೊಡ್ಡ ತಪ್ಪು. ‘ಲೂಸಿಂಗ್ ಮೈ ರಿಲಿಜನ್’ ವಿಡಿಯೊದ ಆರಂಭದಲ್ಲೇ ಹಾಲಿನ ಜಗ್ ಬಿದ್ದು ಒಡೆಯುತ್ತದೆ. ಗೃಹಪ್ರವೇಶದಲ್ಲಿ ಹಾಲುಕ್ಕಿಸುವ ನಮಗೆ ತಕ್ಷಣ ಶಕುನ ನೆನಪಾಗುತ್ತದೆ. ಆ ಶಾಟ್ ಬಂದದ್ದು ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿಯ ಸಿನಿಮಾದಿಂದ. ರೆಕ್ಕೆಯ ಮುದುಕ ಬಂದದ್ದು ಕೊಲಂಬಿಯಾದ ಲೇಖಕ ಮಾರ್ಕ್ವೆಜ್ ಕಥೆಯಿಂದ, ನೆರಳು-ಬೆಳಕು ಇಟಲಿಯ ಚಿತ್ರಕಲಾವಿದ ಕಾರವಾಜ್ಜೊ ಚಿತ್ರಗಳಿಂದ. ನಿರ್ದೇಶಕ ತರ್ಸೆಮ್ ಸಿಂಗ್ ಜಲಂಧರದಲ್ಲಿ ಹುಟ್ಟಿದವರು! ಹಾಗಾಗಿ ನಿರ್ದೇಶಕರ ಹೆಸರು ಮೊದಲು ಹುಡುಕಿ.

ನೋಡುತ್ತಿರುವುದು ಪೂರ್ತಿ ಪ್ರತಿಯೇ ಎಂಬುದೂ ಮುಖ್ಯ. ಪರ್ಲ್ ಜಾಮ್ ತಂಡದ ‘ಜೆರೆಮಿ’ ವಿಡಿಯೊದ ಕೊನೆಯ ಶಾಟ್‌ಗೆ ಟಿ.ವಿ. ಕತ್ತರಿ ಹಾಕಿದ್ದರಿಂದ, ಹುಡುಗ ಸಹಪಾಠಿಗಳನ್ನು ಕೊಂದ ಎಂದೇ ಬಹಳ ಜನ ತಿಳಿದರು. ಕಥೆಯಲ್ಲಿ ಅವನು ತೆಗೆದುಕೊಳ್ಳುವುದು ತನ್ನದೇ ಜೀವ.

ಅರ್ಥಕ್ಕೆ ಒರೆಗಲ್ಲು

ಸಿಕ್ಕ ಅರ್ಥ ಕನಿಷ್ಠ ಮೂರು ಸಾಲುಗಳಿಗೆ ಹೊಂದಬೇಕು, ಯಾವ ಸಾಲನ್ನೂ ಮುರಿಯಬಾರದು. ಬೀಟಲ್ಸ್‌ನ 1967ರ ‘ಲೂಸಿ ಇನ್ ದಿ ಸ್ಕೈ ವಿತ್ ಡೈಮಂಡ್ಸ್’ ಹೆಸರಿನ ಮೊದಲಕ್ಷರಗಳಲ್ಲಿ ಎಲ್‌.ಎಸ್‌.ಡಿ. ಕಂಡವರಿಗೆ ಮಾದಕ ದ್ರವ್ಯ ಸಿಕ್ಕಿತು. ತಂಡದ ಜಾನ್ ಲೆನನ್ ಹೇಳಿದ್ದು, ಹಾಡು ಹುಟ್ಟಿದ್ದು ಮಗ ಬಿಡಿಸಿದ ಚಿತ್ರದಿಂದ ಎಂದು. ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೊ’ ಇದಕ್ಕೆ ತಿರುಗುಮುರುಗು. ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದ್ದನ್ನು ಕೇಳಿರುತ್ತೀರಿ. ಮೇಲೆ ನಶೆ ಇದೆ, ಆದರೆ ಹಾಡೇ ಸಂಚಿಯನ್ನು ಮನಸ್ಸು ಎನ್ನುತ್ತದೆ, ಭಂಗಿ ಸೊಪ್ಪನ್ನು ಮೋಹ ಎನ್ನುತ್ತದೆ. ಬೀಗದ ಕೈ ಸಾಲಿನಲ್ಲೇ ತೂಗುತ್ತಿದೆ. ಲೂಸಿಗೆ ಅಂಥ ಬೀಗದ ಕೈ ಹೊರಗಿನಿಂದ ತರಬೇಕಾಯಿತು.

ಹಿಂದುಮುಂದು ಕೇಳುವುದು

ಹಾಡನ್ನು ತಿರುಗಿಸಿ ನುಡಿಸಿದರೆ ಸೈತಾನನ ಮಂತ್ರ ಕೇಳುತ್ತದೆ ಎಂಬ ಮಾತನ್ನು ನೀವೇ ಪರೀಕ್ಷಿಸಬಹುದು. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಡಿನ ಹತ್ತು ಸೆಕೆಂಡ್ ಆಯ್ದು, ಎಫೆಕ್ಟ್ ಮೆನುವಿನ ರಿವರ್ಸ್ ಒತ್ತಿ. ‘ಇಂಥ ಮಾತು ಕೇಳುತ್ತದೆ’ ಎಂಬ ಬರಹವನ್ನು ಮೊದಲೇ ಓದಿದರೆ ಕೆಟ್ಟಿತು, ಕಿವಿ ಅದನ್ನೇ ಕೇಳಿಸಿಬಿಡುತ್ತದೆ. ಏನೂ ಹೇಳದೆ ಮೂವರಿಗೆ ಕೇಳಿಸಿ, ಬೇರೆ ಬೇರೆ ಚೀಟಿಯಲ್ಲಿ ಬರೆಸಿ. ಮೂರೂ ಒಂದೇ ಆದರೆ ಮಾತ್ರ ಮುಂದಿನ ಮಾತು. ಬೇಕೆಂದೇ ತಿರುಗಿಸಿಟ್ಟ ಸಂದೇಶವೊಂದು ಪಿಂಕ್ ಫ್ಲಾಯ್ಡ್‌ನ 1979ರ ‘ಎಂಪ್ಟಿ ಸ್ಪೇಸಸ್‌’ನಲ್ಲಿದೆ. ಗುಪ್ತ ಸಂದೇಶ ಪತ್ತೆ ಹಚ್ಚಿದ್ದಕ್ಕೆ ಅಭಿನಂದನೆ, ಉತ್ತರವನ್ನು ಈ ವಿಳಾಸಕ್ಕೆ ಕಳಿಸಿ ಎನ್ನುತ್ತದೆ ಅದು. ವಿಳಾಸ ಮುಗಿಯುವ ಮೊದಲೇ ಇನ್ನೊಬ್ಬರು ‘ರೋಜರ್, ಫೋನ್ ಬಂದಿದೆ’ ಎಂದು ಅಡ್ಡ ಬಾಯಿ ಹಾಕುತ್ತಾರೆ.