ಬಾಕಿ ಬಿಲ್ಲು, 45 ದಿನದ ಕಾನೂನು: ಹೆಬ್ಬಾಳದ ಒಂದು ಲೇತ್ ಶೆಡ್ಡಿನ ಅನುಭವ

ಸಣ್ಣ ಕೈಗಾರಿಕೆಗೆ ಸರ್ಕಾರದ ನೆರವು ಎಂದ ಕೂಡಲೇ ಎಲ್ಲರೂ ಕೇಳುವುದು ಸಬ್ಸಿಡಿ ಎಷ್ಟು ಎಂದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಬಿಡಿಭಾಗ ಕಡೆಯುವ ಲೇತ್ ಶೆಡ್ಡು ನಡೆಸುವ ನನ್ನನ್ನು ನೆಂಟರೂ ಹೊಸದಾಗಿ ಶೆಡ್ಡು ಹಾಕಬೇಕೆಂದಿರುವ ಹುಡುಗರೂ ಕೇಳುವುದು ಇದನ್ನೇ. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಸಬ್ಸಿಡಿ ಬಂದರೆ ಒಮ್ಮೆ ಬರುತ್ತದೆ, ಅದೂ ಸಾಲದ ಬೆನ್ನಿಗೆ ಕಟ್ಟಿಕೊಂಡು. ಮಾಡಿಕೊಟ್ಟ ಕೆಲಸದ ದುಡ್ಡು ಮಾತ್ರ ತಿಂಗಳು ತಿಂಗಳೂ ಬರಬೇಕು. ಅದನ್ನು ತರಿಸಿಕೊಳ್ಳಲು ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಕೊಟ್ಟಿರುವ ಬಲ ಯಾವ ಸಬ್ಸಿಡಿಗಿಂತಲೂ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ನಮ್ಮ ಸಾಲಿನ ಶೆಡ್ಡುಗಳಲ್ಲಿ ಬಹಳ ಮಂದಿಗೆ ಈ ಕಾಯ್ದೆಯ ಹೆಸರು ಗೊತ್ತು, ಬಳಸಿದವರು ಕಡಿಮೆ. ನಾನು ಬಳಸಿದ್ದನ್ನು ಬರೆಯುತ್ತೇನೆ.

ನಮ್ಮಲ್ಲಿ ಕಂಪ್ಯೂಟರ್ ನಿಯಂತ್ರಣದ ಒಂದು ಸಿಎನ್‌ಸಿ ಯಂತ್ರ, ಎರಡು ಹಳೆಯ ಲೇತ್, ಒಂದು ಮಿಲ್ಲಿಂಗ್ ಯಂತ್ರ ಇವೆ. ರಾಡನ್ನು ನಾವೇ ಕೊಂಡು, ಕಂಪನಿಯವರು ಕೊಟ್ಟ ಡ್ರಾಯಿಂಗ್ ಪ್ರಕಾರ ಬುಷ್, ಪಿನ್, ಫ್ಲ್ಯಾಂಜ್ ಮಾಡಿ ಒಪ್ಪಿಸುತ್ತೇವೆ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ, ಕೂರ್ಗಳ್ಳಿಯ ತುಂಬ ಇಂಥ ಶೆಡ್ಡುಗಳೇ. ಕೆಲಸಕ್ಕೆ ಬರವಿಲ್ಲ, ಬರ ಇರುವುದು ಬಿಲ್ಲು ಪಾಸಾಗುವುದಕ್ಕೆ.

ಬಿಲ್ಲು ತಡವಾದರೆ ಆಗುವ ಪೆಟ್ಟು ಹೊರಗಿನವರಿಗೆ ಕಾಣುವುದಿಲ್ಲ. 4 ಲಕ್ಷ ರೂಪಾಯಿ ಮಾಲಿಗೆ 18 ಶೇಕಡಾ ಲೆಕ್ಕದಲ್ಲಿ 72,000 ರೂಪಾಯಿ ಜಿಎಸ್‌ಟಿ ಆಗುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ನಮ್ಮಂಥವರು ಅದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಕಂಪನಿ ನಮಗೆ ಕೊಟ್ಟಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಎಂದರೆ ಬಾರದ ದುಡ್ಡಿಗೆ ಕೈಯಿಂದ ತೆರಿಗೆ. ಬ್ಯಾಂಕಿನ ಕಡೆಯಿಂದ ಇನ್ನೊಂದು ಏಟು. ದಿನನಿತ್ಯದ ವಹಿವಾಟಿಗೆ ಸಾಲ ಕೊಡುವ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಲ್ಲಿ ಎಷ್ಟು ತೆಗೆಯಬಹುದು ಎಂಬುದನ್ನು ನಮ್ಮ ಸ್ಟಾಕ್ ಮತ್ತು ಬರಬೇಕಾದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. 90 ದಿನ ದಾಟಿದ ಬಾಕಿಯನ್ನು ನಮ್ಮ ಬ್ಯಾಂಕ್ ಆ ಲೆಕ್ಕದಿಂದ ಕೈಬಿಡುತ್ತದೆ. ಕಂಪನಿ ಎಷ್ಟು ತಡ ಮಾಡುತ್ತದೋ ನಮ್ಮ ಸಾಲದ ಮಿತಿಯೂ ಅಷ್ಟು ಕುಗ್ಗುತ್ತದೆ. ಇದರ ನಡುವೆ ಆಯುಧಪೂಜೆ ಬರುತ್ತದೆ. ಯಂತ್ರಗಳಿಗೆ ಬೂದುಗುಂಬಳ ಒಡೆಯುವ ಮೊದಲು ಹುಡುಗರ ಕೈಗೆ ಬೋನಸ್ ಇಡದೆ ಮೈಸೂರಿನಲ್ಲಿ ಯಾವ ಶೆಡ್ಡಿನ ಯಜಮಾನನೂ ತಲೆಯೆತ್ತಿ ನಿಲ್ಲಲಾರ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಮಾತು ಸಾಲ ಕೊಟ್ಟವರಿಗಾಗಿ ಹುಟ್ಟಿದ್ದಿರಬಹುದು, ನಮ್ಮಂಥವರಿಗೂ ಅಳತೆ ತೆಗೆದು ಹೊಲಿಸಿದಂತಿದೆ.

ಕಾನೂನು ಹೇಳುವುದು ಸರಳವಾಗಿದೆ. ಅತಿಸಣ್ಣ ಅಥವಾ ಸಣ್ಣ ಉದ್ಯಮ ಮಾಲು ಕೊಟ್ಟರೆ, ಲಿಖಿತ ಒಪ್ಪಂದ ಇಲ್ಲದಿದ್ದಾಗ 15 ದಿನದಲ್ಲಿ ದುಡ್ಡು ಕೊಡಬೇಕು. ಒಪ್ಪಂದ ಇದ್ದರೆ ಅದರಲ್ಲಿರುವ ದಿನಾಂಕಕ್ಕೆ, ಆದರೆ ಯಾವ ಕಾರಣಕ್ಕೂ 45 ದಿನ ಮೀರುವಂತಿಲ್ಲ. ಆರ್ಡರಿನಲ್ಲಿ 90 ದಿನ, 120 ದಿನ ಎಂದು ಅಚ್ಚು ಹಾಕಿಸಿ ನಮ್ಮ ಸಹಿ ತೆಗೆದುಕೊಂಡಿದ್ದರೂ ಕಾಯ್ದೆಯ ಮುಂದೆ ಅದು ನಿಲ್ಲುವುದಿಲ್ಲ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ನಾನು ಬಾಕಿ ಕೇಳಲು ಹೊರಟ 2024ರಲ್ಲಿ ಬ್ಯಾಂಕ್ ದರ ಶೇಕಡಾ 6.75 ಇತ್ತು. ಮೂರು ಪಟ್ಟು ಎಂದರೆ 20.25. 4 ಲಕ್ಷ ರೂಪಾಯಿ ಬಾಕಿ ಗಡುವು ಮೀರಿ ಆರು ತಿಂಗಳು ನಿಂತರೆ ಬಡ್ಡಿಯೇ 42 ಸಾವಿರ ದಾಟುತ್ತದೆ.

ಇದನ್ನು ಕೇಳುವ ಹಕ್ಕು ಬರುವುದು ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿಯಿಂದ. ಆಧಾರ್, ಪ್ಯಾನ್, ಜಿಎಸ್‌ಟಿ ಸಂಖ್ಯೆ ಇದ್ದರೆ ಸರ್ಕಾರದ ಜಾಲತಾಣದಲ್ಲಿ ನಾವೇ ಮಾಡಿಕೊಳ್ಳಬಹುದು, ಒಂದು ರೂಪಾಯಿ ಶುಲ್ಕವಿಲ್ಲ. ಆದರೂ ಇದಕ್ಕೆ ಸಾವಿರಗಟ್ಟಲೆ ಕೇಳುವ ಏಜೆಂಟರಿದ್ದಾರೆ, ಕೊಡುವವರೂ ಇದ್ದಾರೆ. ಮುಖ್ಯವಾದ ಮಾತು ಎಂದರೆ ನೋಂದಣಿ ಮಾಲು ಕೊಡುವ ಮೊದಲೇ ಆಗಿರಬೇಕು. ಬಾಕಿ ನಿಂತ ಮೇಲೆ ಓಡಿಹೋಗಿ ನೋಂದಾಯಿಸಿ ಹಳೆಯ ಬಿಲ್ಲಿಗೆ ಬಡ್ಡಿ ಕೇಳಿದವರಿಗೆ ಸುಪ್ರೀಂ ಕೋರ್ಟಿನಲ್ಲಿ ಸೋಲಾದ ತೀರ್ಪುಗಳಿವೆ. ನನ್ನ ನೋಂದಣಿ ಸಂಖ್ಯೆ ಪ್ರತಿ ಬಿಲ್ಲಿನ ತಲೆಯಲ್ಲೇ ಅಚ್ಚಾಗಿರುತ್ತದೆ. ನೀವು ಸಣ್ಣ ಉದ್ಯಮ ಎಂದು ನಮಗೆ ಗೊತ್ತಿರಲಿಲ್ಲ ಎಂಬ ಮಾತಿಗೆ ಆಮೇಲೆ ಎಡೆ ಇರುವುದಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಕಾಗದಕ್ಕೆ ಬರುತ್ತೇನೆ. ಅದು ಡೆಲಿವರಿ ಚಲನ್. ಮಾಲು ಕಂಪನಿಯ ಗೇಟಿಗೆ ಹೋದಾಗ ಸೆಕ್ಯುರಿಟಿಯವರು ಚಲನ್ ಮೇಲೆ ನೀಲಿ ಸೀಲು ಒತ್ತಿ, ಗೇಟ್ ರಿಜಿಸ್ಟರಿನ ಕ್ರಮಸಂಖ್ಯೆ ಹಾಗೂ ಸಮಯವನ್ನು ಪೆನ್ನಿನಲ್ಲಿ ಬರೆಯುತ್ತಾರೆ. ಒಳಗೆ ಸ್ಟೋರ್ಸಿನವರು ಎಣಿಸಿಕೊಂಡು ಮೂಲೆಯಲ್ಲಿ ಚಿಕ್ಕ ಸಹಿ ಮಾಡುತ್ತಾರೆ. ಸೀಲಿನ ಶಾಯಿ ಒಣಗಿದ್ದರೆ ದಿನಾಂಕದ ಜಾಗದಲ್ಲಿ ಬರೀ ನೀಲಿ ಕಲೆ ಉಳಿಯುತ್ತದೆ. ಮಾಲು ಒಯ್ಯುವ ನಮ್ಮ ಹುಡುಗನಿಗೆ ನಾನು ಕಟ್ಟುನಿಟ್ಟಾಗಿ ಹೇಳಿರುವುದು ಒಂದೇ. ದಿನಾಂಕ ಓದಲು ಬರದಿದ್ದರೆ ಅಲ್ಲೇ ನಿಂತು, ಅಣ್ಣಾ ಇನ್ನೊಂದು ಸಲ ಒತ್ತಿಕೊಡಿ ಎಂದು ಕೇಳಿ ಒತ್ತಿಸಿಕೊಂಡೇ ಬರಬೇಕು. ಬಂದ ಕೂಡಲೇ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಮೂಲಪ್ರತಿಯನ್ನು ಆರ್ಡರ್ ಮತ್ತು ಬಿಲ್ಲಿನ ಜೊತೆ ಒಂದೇ ಪಿನ್ನಿನಲ್ಲಿ ಚುಚ್ಚಿ ಫೈಲಿಗೆ ಹಾಕುತ್ತೇನೆ.

ಈ ಸೀಲಿಗೆ ಇಷ್ಟು ಉಪಚಾರ ಏಕೆಂದರೆ ದಿನಗಳ ಎಣಿಕೆ ಶುರುವಾಗುವುದು ಅಲ್ಲಿಂದ. ಬಾಕಿ ಕೇಳಿದಾಗ ಕಂಪನಿಗಳಿಗೆ ಹಠಾತ್ತನೆ ಮಾಲಿನ ಗುಣಮಟ್ಟ ನೆನಪಾಗುತ್ತದೆ. ಒಳವ್ಯಾಸ ಎರಡು ಮೈಕ್ರಾನ್ ಹೆಚ್ಚಿದೆ, ಮೂಲೆಯಲ್ಲಿ ಗೀರು ಬಿದ್ದಿದೆ, ಇನ್‌ಸ್ಪೆಕ್ಷನ್ ಇನ್ನೂ ಮುಗಿದಿಲ್ಲ ಎನ್ನುತ್ತಾರೆ. ಕಾಯ್ದೆಯ ಪ್ರಕಾರ ತಕರಾರಿದ್ದರೆ ಮಾಲು ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಮಾಲು ಮುಟ್ಟಿದ ದಿನವೇ ಒಪ್ಪಿದ ದಿನ. ಫೋನಿನಲ್ಲಿ ಗೊಣಗಿದ್ದು ಲೆಕ್ಕಕ್ಕಿಲ್ಲ.

ನನ್ನ ಬಾಕಿಯ ಕಥೆಗೆ ಬರುತ್ತೇನೆ. ಕಂಪನಿಯ ಹೆಸರು ಬೇಡ. ವರ್ಷಗಳಿಂದ ಕೆಲಸ ಕೊಟ್ಟವರು, ಈಗಲೂ ಕೊಡುತ್ತಿದ್ದಾರೆ. ಮೂರು ಬಿಲ್ಲು ನಿಂತಿದ್ದವು. ಪರ್ಚೇಸ್ ವಿಭಾಗದವರು ಅಕೌಂಟ್ಸ್ ಕೇಳಿ ಎನ್ನುತ್ತಿದ್ದರು, ಅಕೌಂಟ್ಸಿನವರು ಸ್ಟೋರ್ಸಿನಿಂದ ಕಾಗದ ಬಂದಿಲ್ಲ ಎನ್ನುತ್ತಿದ್ದರು. ನಾನು ನೇರವಾಗಿ ದೂರು ಕೊಡಲಿಲ್ಲ. ಮೊದಲು ಒಂದು ಪುಟದ ಪತ್ರ ಬರೆದೆ. ಎಡಗಡೆ ಬಿಲ್ ಸಂಖ್ಯೆ, ಪಕ್ಕದಲ್ಲಿ ಮಾಲು ಮುಟ್ಟಿದ ದಿನಾಂಕ, 45ನೇ ದಿನ ಯಾವುದು, ಈವರೆಗೆ ಆದ ಬಡ್ಡಿ ಎಷ್ಟು ಎಂಬ ಪಟ್ಟಿ. ಕೆಳಗೆ ಕಾಯ್ದೆಯ 15 ಮತ್ತು 16ನೇ ಸೆಕ್ಷನ್‌ಗಳ ಹೆಸರು. ಬೈಗುಳವೂ ಇಲ್ಲ, ಅಳುಕೂ ಇಲ್ಲ. ಪರ್ಚೇಸ್ ವಿಭಾಗಕ್ಕೆ ಕಳಿಸುವ ಬದಲು ಹಣಕಾಸು ಮುಖ್ಯಸ್ಥರ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ, ಅದನ್ನೇ ಇಮೇಲ್ ಮಾಡಿದೆ. ನಮ್ಮ ಬಾಕಿ ಪರ್ಚೇಸಿನವರ ತಲೆನೋವಲ್ಲ. ಬಡ್ಡಿಯ ಅಂಕಿ ಕಂಡರೆ ತಲೆ ಬಿಸಿಯಾಗುವುದು ಲೆಕ್ಕ ಒಪ್ಪಿಸಬೇಕಾದವರಿಗೆ.

ಪತ್ರದಲ್ಲಿ ಇನ್ನೂ ಎರಡು ಸಾಲು ಸೇರಿಸಿದ್ದೆ. ನಮಗೆ 180 ದಿನದೊಳಗೆ ದುಡ್ಡು ಕೊಡದಿದ್ದರೆ, ನಮ್ಮ ಬಿಲ್ಲಿನ ಮೇಲೆ ಅವರು ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆಯ ಲಾಭವನ್ನು, ಎಂದರೆ ತಮ್ಮ ತೆರಿಗೆಯಲ್ಲಿ ಕಳೆದುಕೊಂಡ ಮೊತ್ತವನ್ನು, ಅವರು ಹಿಂದಿರುಗಿಸಬೇಕಾಗುತ್ತದೆ. ಎರಡನೆಯದು ಆದಾಯ ತೆರಿಗೆಯದು. 2023ರ ಹಣಕಾಸು ಕಾಯ್ದೆ 43ಬಿ ಸೆಕ್ಷನ್‌ಗೆ ಹೊಸ ಉಪವಿಧಿ ಸೇರಿಸಿತು. ಅದರಂತೆ ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವ ವರ್ಷದವರೆಗೆ ವೆಚ್ಚವಾಗಿ ಕಳೆಯುವಂತಿಲ್ಲ. ಎಂದರೆ ನಮಗೆ ಕೊಡದೆ ಉಳಿಸಿಕೊಂಡ ದುಡ್ಡು ಅವರ ಲೆಕ್ಕದಲ್ಲಿ ಲಾಭವಾಗಿ ನಿಂತು, ಅದಕ್ಕೆ ಅವರೇ ತೆರಿಗೆ ಕಟ್ಟಬೇಕು. ಈ ನಿಯಮ ಬಂದ ಮೇಲೆ ಮಾರ್ಚ್ ತಿಂಗಳ ಬಣ್ಣವೇ ಬದಲಾಗಿದೆ. ಉದ್ಯಮ್ ಪ್ರಮಾಣಪತ್ರ ಕಳಿಸಿ ಎಂದು ಕಂಪನಿಗಳೇ ಫೋನ್ ಮಾಡಿ ಕೇಳುತ್ತವೆ.

ಪತ್ರಕ್ಕೆ ಒಂದು ಬಿಲ್ಲಿನ ದುಡ್ಡು ಬಂತು, ಉಳಿದ ಎರಡಕ್ಕೆ ಮೌನ. ಆಗ ಸಮಾಧಾನ್ ಜಾಲತಾಣದಲ್ಲಿ ದೂರು ದಾಖಲಿಸಿದೆ. ಇದು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ್ದು. ಉದ್ಯಮ್ ಸಂಖ್ಯೆ ಹಾಕಿದರೆ ನಮ್ಮ ವಿವರ ತಾನಾಗಿ ಬರುತ್ತಿತ್ತು, ಖರೀದಿದಾರರ ವಿಳಾಸ, ಆರ್ಡರ್, ಬಿಲ್ಲುಗಳ ಪ್ರತಿಯನ್ನು ನಾವು ಸೇರಿಸಬೇಕಿತ್ತು. ಫೈಲಿನಲ್ಲಿ ಎಲ್ಲ ಒಂದೇ ಪಿನ್ನಿನಲ್ಲಿದ್ದುದರಿಂದ ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಕುಳಿತು ಮುಗಿಸಿದೆ. ವಕೀಲರನ್ನು ಹಿಡಿಯಲಿಲ್ಲ. ದೂರು ಮಾಲು ಕೊಟ್ಟವರ ರಾಜ್ಯದಲ್ಲಿ ಇಂಥ ಬಾಕಿಯ ವ್ಯಾಜ್ಯ ನೋಡುವ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಖರೀದಿದಾರ ಪುಣೆಯಲ್ಲಿರಲಿ, ದೆಹಲಿಯಲ್ಲಿರಲಿ, ನಾವು ಅಲ್ಲಿಗೆ ಅಲೆಯಬೇಕಿಲ್ಲ.

ನೋಟಿಸು ತಲುಪುತ್ತಿದ್ದಂತೆ ಪರ್ಚೇಸ್ ಅಧಿಕಾರಿಯ ಫೋನು ಬಂತು. "ಏನು ಸ್ವಾಮಿ, ಇಷ್ಟು ವರ್ಷದ ವಿಶ್ವಾಸ, ನಮ್ಮ ಮೇಲೇ ಕೇಸು ಹಾಕಿದಿರಲ್ಲ" ಎಂದರು. "ಸರ್, ಇದು ನಿಮ್ಮ ಮೇಲಿನ ಕೇಸಲ್ಲ, ಎರಡು ಬಿಲ್ಲಿನದು. ನಾಳೆಯ ಮಾಲು ನಾಳೆಯೇ ಬರುತ್ತದೆ, ಅದರಲ್ಲಿ ತಪ್ಪಿಸುವುದಿಲ್ಲ" ಎಂದೆ. ಹಾಗೆಯೇ ಕಳಿಸಿದೆ ಕೂಡ. ಬಾಕಿಗೆ ಸಿಟ್ಟಾಗಿ ಹೊಸ ಮಾಲು ತಡೆದಿದ್ದರೆ ತಪ್ಪು ನಮ್ಮ ಕಡೆ ವಾಲುತ್ತಿತ್ತು.

ಮಂಡಳಿ ಮೊದಲು ರಾಜಿಗೆ ನೋಡುತ್ತದೆ, ಆಗದಿದ್ದರೆ ಪಂಚಾಯಿತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗುತ್ತದೆ. 90 ದಿನದಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆಯಲ್ಲಿದೆ. ಅಷ್ಟರಲ್ಲೇ ಮುಗಿಯುತ್ತದೆ ಎಂದು ನಂಬಿ ಯಾರೂ ಮಗಳ ಮದುವೆ ಗೊತ್ತುಮಾಡಬೇಡಿ. ಆದರೆ ನಿಜವಾದ ಹಿಡಿತ ಇನ್ನೊಂದು ಕಡೆ ಇದೆ. ತೀರ್ಪು ನಮ್ಮ ಪರ ಬಂದು ಕಂಪನಿ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊದಲು ಆ ಮೊತ್ತದ ಶೇಕಡಾ 75ರಷ್ಟನ್ನು ಠೇವಣಿ ಇಡಬೇಕು. ಕೋರ್ಟಿಗೆ ಎಳೆದು ಸುಸ್ತು ಮಾಡುವ ಹಳೆಯ ಉಪಾಯ ಇಲ್ಲಿ ದುಬಾರಿ ಬೀಳುತ್ತದೆ ಎಂಬುದು ಅವರ ವಕೀಲರಿಗೆ ನಮಗಿಂತ ಚೆನ್ನಾಗಿ ಗೊತ್ತು. ನನ್ನ ವಿಷಯ ರಾಜಿಯ ಹಂತದಲ್ಲೇ ಮುಗಿಯಿತು. ಅಸಲು ಎರಡು ಕಂತಿನಲ್ಲಿ ಪೂರ್ತಿ ಬಂತು. ಬಡ್ಡಿಯಲ್ಲಿ ಅರ್ಧ ಬಿಟ್ಟುಕೊಟ್ಟೆ. ಪೂರ್ತಿ ಕೇಳಬಹುದಿತ್ತು, ಆದರೆ ನನಗೆ ಮುಂದಿನ ವರ್ಷದ ಆರ್ಡರೂ ಬೇಕಿತ್ತು. ಇದನ್ನು ಸೋಲು ಎಂದು ಕರೆಯುವ ಸ್ನೇಹಿತರಿದ್ದಾರೆ, ಅವರ ಪಾರ್ಟಿಗಳ, ಎಂದರೆ ಗಿರಾಕಿ ಕಂಪನಿಗಳ, ಬಾಕಿ ಇನ್ನೂ ಹಾಗೆಯೇ ಇದೆ.

ಕಾಯ್ದೆಯ ತೂತುಗಳನ್ನೂ ಹೇಳಬೇಕು. ಮಧ್ಯಮ ಉದ್ಯಮಕ್ಕೆ ಈ ರಕ್ಷಣೆ ಇಲ್ಲ, ಅತಿಸಣ್ಣ ಮತ್ತು ಸಣ್ಣದಕ್ಕೆ ಮಾತ್ರ. 2025ರ ಏಪ್ರಿಲ್‌ನಿಂದ ಮಿತಿಗಳು ಹಿಗ್ಗಿರುವುದರಿಂದ, ಎಂದರೆ ಸಣ್ಣ ಉದ್ಯಮದ ವಹಿವಾಟಿನ ಮಿತಿ 50 ಕೋಟಿಯಿಂದ 100 ಕೋಟಿಗೆ ಏರಿರುವುದರಿಂದ, ಹೆಚ್ಚು ಮಂದಿ ಇದರೊಳಗೆ ಬಂದಿದ್ದಾರೆ. ಕೊಂಡು ಮಾರುವ ವ್ಯಾಪಾರಿಗಳು 2021ರಿಂದ ಉದ್ಯಮ್ ನೋಂದಣಿ ಮಾಡಿಸಬಹುದಾದರೂ ಅದರ ಪ್ರಯೋಜನ ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ, 45 ದಿನದ ರಕ್ಷಣೆ ಅವರಿಗಿಲ್ಲ. ಈ ಕೊನೆಯ ತೂತನ್ನು ಕಂಪನಿಗಳು ಚೆನ್ನಾಗಿ ಬಲ್ಲವು. ನಮ್ಮ ಇನ್ನೊಂದು ಪಾರ್ಟಿಯವರು ಕರೆದು, ಮನೆಯವರ ಹೆಸರಿನಲ್ಲಿ ಒಂದು ಟ್ರೇಡಿಂಗ್ ಸಂಸ್ಥೆ ಮಾಡಿ ಅದರ ಮೂಲಕ ಬಿಲ್ಲು ಹಾಕಿ, ಆರ್ಡರ್ ಹೆಚ್ಚಿಸುತ್ತೇವೆ ಎಂದರು. ಆಗುವುದಿಲ್ಲ ಎಂದೆ. ಬೇಕಿದ್ದರೆ 45 ದಿನದ ಬದಲು 30 ದಿನಕ್ಕೆ ಕೊಟ್ಟರೆ ದರದಲ್ಲಿ ಒಂದು ಪರ್ಸೆಂಟ್ ಕಡಿಮೆ ಮಾಡುತ್ತೇನೆ ಎಂದು ಮಾತು ತಿರುಗಿಸಿದೆ. ಅವರು ಒಪ್ಪಿದರು.

ಹಳೆಯ ಕಂಪನಿಯ ಹೊಸ ಆರ್ಡರಿನಲ್ಲಿ ಈಗ 45 ದಿನ ಎಂದೇ ಅಚ್ಚಾಗಿ ಬರುತ್ತಿದೆ. ಆದರೆ ಮುಂದೆ ಚಿಕ್ಕ ಅಕ್ಷರದಲ್ಲಿ, ಇನ್‌ಸ್ಪೆಕ್ಷನ್ ಮುಗಿದ ದಿನದಿಂದ ಎಂಬ ಬಾಲವೊಂದನ್ನು ಸೇರಿಸಿದ್ದಾರೆ. ಆ ಬಾಲದ ಮೇಲೆ ಗೆರೆ ಎಳೆದು, ಮಾಲು ಮುಟ್ಟಿದ ದಿನದಿಂದ ಎಂದು ಬರೆದು, ಸಹಿ ಹಾಕಿ ಹಿಂದಕ್ಕೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮಾಲು ಮಾತ್ರ ಹೋಗುತ್ತಿದೆ, ಚಲನ್ ಮೇಲೆ ಸೀಲೂ ಬೀಳುತ್ತಿದೆ.