ವಿದ್ಯಾರ್ಥಿಗೆ ಮೊದಲ ಕ್ರೆಡಿಟ್ ಕಾರ್ಡ್: ಠೇವಣಿ ಇಡುವುದರಿಂದ ಸಿಬಿಲ್ ವರದಿ ನೋಡುವವರೆಗೆ

ಓದು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಬೈಕ್ ಸಾಲ ಕೇಳಲು ಹೋದಾಗ, ಬ್ಯಾಂಕಿನವರು ಅವನ ಪ್ಯಾನ್ ಸಂಖ್ಯೆ ಹಾಕಿ ನೋಡಿ ‘ನಿಮ್ಮ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ’ ಎನ್ನುವುದುಂಟು. ಅವನು ಯಾರಿಗೂ ಬಾಕಿ ಉಳಿಸಿಕೊಂಡವನಲ್ಲ. ಆದರೆ ಪಡೆದ ಸಾಲವನ್ನು ಹೇಳಿದ ದಿನಕ್ಕೆ ತೀರಿಸಿದವನು ಎಂಬುದಕ್ಕೂ ಎಲ್ಲಿಯೂ ಪುರಾವೆ ಇರುವುದಿಲ್ಲ. ಕಾಲೇಜಿನಲ್ಲಿರುವಾಗಲೇ ಸಣ್ಣ ಮಿತಿಯ ಒಂದು ಕ್ರೆಡಿಟ್ ಕಾರ್ಡ್ ಪಡೆದು, ಅದನ್ನು ಶಿಸ್ತಿನಿಂದ ಬಳಸಿದರೆ ಆ ಪುರಾವೆ ಸಿದ್ಧವಾಗುತ್ತದೆ. ವಿದ್ಯಾರ್ಥಿಗೆ ಕಾರ್ಡಿನ ನಿಜವಾದ ಉಪಯೋಗ ಇದೊಂದೇ ಎಂಬುದು ನನ್ನ ಅಭಿಪ್ರಾಯ. ತಿಂಗಳ ಖರ್ಚಿಗೆ ಹಣ ಸಾಲದು ಎಂಬ ಕಾರಣಕ್ಕೆ ಕಾರ್ಡ್ ಬೇಕೆನ್ನಿಸಿದ್ದರೆ, ಅದಕ್ಕೆ ಅರ್ಜಿ ಹಾಕದಿರುವುದೇ ಒಳ್ಳೆಯದು.

ನಮ್ಮ ದೇಶದಲ್ಲಿ ಈ ದಾಖಲೆಯನ್ನು ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿ ಇವು ಕೆಲಸ ಮಾಡುತ್ತವೆ. ಸಾಲ ತೀರಿಸುವುದರಲ್ಲಿ ನಿಮ್ಮ ಶಿಸ್ತನ್ನು ಅಳೆದು ಇವು ಕೊಡುವ ಅಂಕಗಳು (ಕ್ರೆಡಿಟ್ ಸ್ಕೋರ್) 300ರಿಂದ 900ರವರೆಗೆ ಇರುತ್ತವೆ. ಸಾಲದ ಇತಿಹಾಸವೇ ಇಲ್ಲದವರಿಗೆ ಅಂಕದ ಬದಲು ‘ಎನ್‌ಎಚ್’ (ನೋ ಹಿಸ್ಟರಿ) ಎಂದು ಬರುತ್ತದೆ. ಉಳಿತಾಯ ಖಾತೆಯಲ್ಲಿ ಎಷ್ಟೇ ಹಣವಿದ್ದರೂ, ಡೆಬಿಟ್ ಕಾರ್ಡನ್ನಾಗಲಿ ಖಾತೆಗೆ ಜೋಡಿಸಿದ ಯುಪಿಐಯನ್ನಾಗಲಿ ದಿನಕ್ಕೆ ಹತ್ತು ಸಲ ಬಳಸಿದರೂ ಈ ದಾಖಲೆಗೆ ಒಂದಕ್ಷರವೂ ಸೇರುವುದಿಲ್ಲ, ಏಕೆಂದರೆ ಅಲ್ಲಿ ಖರ್ಚಾಗುವುದು ನಿಮ್ಮದೇ ಹಣ.

ಆದ್ದರಿಂದ ಮೊದಲು ನಿಮ್ಮ ಹೆಸರಿನಲ್ಲಿ ಈಗಾಗಲೇ ಏನಿದೆ ಎಂದು ನೋಡಿಕೊಳ್ಳಬೇಕು. ಶಿಕ್ಷಣ ಸಾಲ ಪಡೆದಿದ್ದರೆ ನಿಮ್ಮ ದಾಖಲೆ ಆಗಲೇ ತೆರೆದಿರುತ್ತದೆ, ಸಹ-ಅರ್ಜಿದಾರರಾದ ತಂದೆ ಅಥವಾ ತಾಯಿಯ ದಾಖಲೆಯಲ್ಲೂ ಆ ಸಾಲ ಕಾಣುತ್ತದೆ. ಇನ್ನು ಅನೇಕ ಮನೆಗಳಲ್ಲಿ ತಂದೆಯವರ ಕಾರ್ಡಿನ ಮೇಲೆ ಮಕ್ಕಳಿಗೆ ಆ್ಯಡ್-ಆನ್ ಕಾರ್ಡ್ ಕೊಡಿಸುತ್ತಾರೆ. ಊರು ಬಿಟ್ಟು ಹಾಸ್ಟೆಲಿನಲ್ಲಿರುವ ಮಗಳ ಕೈಯಲ್ಲಿ ತುರ್ತಿಗೆ ಒಂದು ಕಾರ್ಡ್ ಇರಲಿ ಎಂಬುದಷ್ಟೇ ಉದ್ದೇಶವಾಗಿದ್ದರೆ ಅದು ಸರಿ. ಆದರೆ ಅದರ ಬಾಕಿಗೆ ಮೂಲ ಕಾರ್ಡುದಾರರೇ ಹೊಣೆ, ಬಿಲ್ ಬರುವುದೂ ಅವರ ಹೆಸರಿಗೇ. ಮಗಳಿಗೆ ಅದರಿಂದ ಸ್ವಂತ ದಾಖಲೆ ಬೆಳೆಯುತ್ತದೆ ಎಂದು ಎಣಿಸಬಾರದು.

ಆದಾಯವಿಲ್ಲದ ವಿದ್ಯಾರ್ಥಿಗೆ ಸ್ವಂತ ಹೆಸರಿನಲ್ಲಿ ಕಾರ್ಡ್ ಸಿಗುವ ಮುಖ್ಯ ದಾರಿ ನಿಶ್ಚಿತ ಠೇವಣಿಯ ಆಧಾರದ ಕಾರ್ಡ್, ಅಂದರೆ ಎಫ್‌ಡಿ ಕಾರ್ಡ್. ವಯಸ್ಸು 18 ತುಂಬಿರಬೇಕು, ಏಕೆಂದರೆ ಅಪ್ರಾಪ್ತ ವಯಸ್ಕರು ಮಾಡಿಕೊಂಡ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದು ನಿಮ್ಮ ಹೆಸರಿನಲ್ಲಿ ಠೇವಣಿ ಇಟ್ಟರೆ, ಅದರ ಒಂದು ಪಾಲಿನಷ್ಟನ್ನು ಕಾರ್ಡಿನ ಮಿತಿಯಾಗಿ ಕೊಡುತ್ತಾರೆ. ಕೆಲವು ಬ್ಯಾಂಕುಗಳು ಠೇವಣಿಯ ಪೂರ್ತಿ ಮೊತ್ತದಷ್ಟು ಮಿತಿ ಕೊಡುತ್ತವೆ, ಕೆಲವು ಅದಕ್ಕಿಂತ ಕಡಿಮೆ. ಠೇವಣಿಯ ಮೇಲೆ ಬ್ಯಾಂಕ್ ತನ್ನ ಹಕ್ಕನ್ನು ಗುರುತು ಮಾಡಿಕೊಳ್ಳುತ್ತದೆ. ಬ್ಯಾಂಕಿನವರ ಮಾತಿನಲ್ಲಿ ಇದು ‘ಲೀನ್’. ಕಾರ್ಡ್ ಇರುವವರೆಗೆ ಆ ಹಣವನ್ನು ತೆಗೆಯಲಾಗದು, ಆದರೆ ಬಡ್ಡಿ ಎಂದಿನಂತೆ ಬೆಳೆಯುತ್ತಿರುತ್ತದೆ.

ಅರ್ಜಿಗೆ ಪ್ಯಾನ್ ಮತ್ತು ಆಧಾರ್ ಬೇಕು. ಪ್ಯಾನ್ ಇಲ್ಲದಿದ್ದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಆಧಾರ್ ಆಧರಿಸಿ ಇ-ಪ್ಯಾನ್ ಅನ್ನು ಉಚಿತವಾಗಿ ಪಡೆಯಬಹುದು. ಎರಡರಲ್ಲೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲವೂ ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿ ಬರೆದಿರುವುದರಿಂದ ಅರ್ಜಿಗಳು ನಿಂತುಹೋಗುವುದು ಇಲ್ಲಿಯೇ ಹೆಚ್ಚು. ಒಂದು ಕಡೆ ಅರ್ಜಿ ತಿರಸ್ಕೃತವಾಯಿತೆಂದು ಅದೇ ವಾರ ಇನ್ನೂ ನಾಲ್ಕು ಕಡೆ ಹಾಕಬೇಡಿ. ಬ್ಯಾಂಕ್ ಆ ನಾಲ್ಕು ಕಂಪನಿಗಳಲ್ಲೊಂದರಿಂದ ನಿಮ್ಮ ಸಾಲದ ವರದಿಯನ್ನು ತರಿಸಿ ನೋಡಿದ ಪ್ರತಿ ಸಲವೂ ಅದು ವರದಿಯಲ್ಲಿ ದಾಖಲಾಗುತ್ತದೆ, ಬೆನ್ನುಬೆನ್ನಿಗೆ ಅಂಥ ದಾಖಲೆಗಳು ಸೇರಿದರೆ ಅಂಕಕ್ಕೆ ಪೆಟ್ಟು. ತಿರಸ್ಕರಿಸಿದ್ದಕ್ಕೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಅದನ್ನು ಕೇಳಿ ಪಡೆದು, ತಪ್ಪು ಸರಿಪಡಿಸಿಕೊಂಡು ಮುಂದುವರಿಯಿರಿ. ವಾರ್ಷಿಕ ಶುಲ್ಕ, ಬಡ್ಡಿ ದರ ಮತ್ತು ತಡಪಾವತಿ ಶುಲ್ಕಗಳನ್ನು ಅರ್ಜಿಯ ಜೊತೆ ಕೊಡುವ ಮುಖ್ಯಾಂಶಗಳ ಒಂದು ಪುಟದಲ್ಲೇ ಓದಬಹುದು. ವಿದ್ಯಾರ್ಥಿಗೆ ವಾರ್ಷಿಕ ಶುಲ್ಕವಿಲ್ಲದ ಕಾರ್ಡೇ ಸಾಕು, ಉಡುಗೊರೆ ಮತ್ತು ಪಾಯಿಂಟುಗಳಿಗಾಗಿ ಶುಲ್ಕ ತೆರುವ ಅಗತ್ಯವಿಲ್ಲ.

ಕಾರ್ಡ್ ಕೈಗೆ ಬಂದ ಮೇಲೆ ಎರಡು ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು: ಬಿಲ್ ತಯಾರಾಗುವ ದಿನ ಮತ್ತು ಹಣ ಕಟ್ಟಲು ಕೊನೆಯ ದಿನ. ಪ್ರತಿ ತಿಂಗಳ 5ರಂದು ಬಿಲ್ ಆಗಿ, 23 ಕೊನೆಯ ದಿನವಾಗಿದೆ ಎಂದಿಟ್ಟುಕೊಳ್ಳೋಣ. ಜೂನ್ 6ರಂದು ಕೊಂಡ ಪುಸ್ತಕದ ಹಣ ಜುಲೈ 5ರ ಬಿಲ್ಲಿಗೆ ಸೇರಿ, ಜುಲೈ 23ರವರೆಗೆ, ಅಂದರೆ 47 ದಿನ ಬಡ್ಡಿಯಿಲ್ಲದೆ ನಿಮ್ಮ ಬಳಿ ಉಳಿಯುತ್ತದೆ. ಜುಲೈ 4ರಂದು ಕೊಂಡದ್ದಕ್ಕೆ ಸಿಗುವುದು 19 ದಿನ ಮಾತ್ರ. ಈ ಸೌಲಭ್ಯ ಇರುವುದು ಬಿಲ್ಲಿನ ಪೂರ್ತಿ ಮೊತ್ತ ಕಟ್ಟುವವರಿಗೆ. ಹಿಂದಿನ ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿದರೂ ಹೊಸ ಖರೀದಿಗೆ ಖರೀದಿಸಿದ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಎಟಿಎಂನಿಂದ ತೆಗೆದ ನಗದಿಗಂತೂ ಬಡ್ಡಿರಹಿತ ದಿನಗಳೇ ಇಲ್ಲ, ಮೇಲೆ ಪ್ರತ್ಯೇಕ ಶುಲ್ಕವೂ ಬೀಳುತ್ತದೆ.

ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಸಾಲೊಂದು ಇರುತ್ತದೆ. ಅದನ್ನು ಕಟ್ಟಿದರೆ ಆ ತಿಂಗಳ ಕೆಲಸ ಮುಗಿಯಿತೆಂದು ತಿಳಿಯುವ ಮಕ್ಕಳು ಬಹಳ, ಹೀಗಾಗಿ ಲೆಕ್ಕ ಹಾಕಿ ತೋರಿಸುತ್ತೇನೆ. ಬಿಲ್ ₹10,000, ಕನಿಷ್ಠ ಪಾವತಿ ₹500, ಬಡ್ಡಿ ತಿಂಗಳಿಗೆ ಶೇ 3.5. ನೀವು ₹500 ಕಟ್ಟಿದಿರಿ, ₹9,500 ಉಳಿಯಿತು. ಅದರ ಮೇಲೆ ಒಂದು ತಿಂಗಳ ಬಡ್ಡಿ ₹332.50, ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ₹59.85, ಒಟ್ಟು ₹392.35. ಕಟ್ಟಿದ ₹500ರಲ್ಲಿ ಸಾಲ ಇಳಿದದ್ದು ಸುಮಾರು ₹108 ಮಾತ್ರ. ಖರೀದಿಯ ದಿನದಿಂದ ಬಿಲ್ಲಿನವರೆಗಿನ ಬಡ್ಡಿಯನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ. ವರ್ಷಕ್ಕೆ ಹೇಳುವುದಾದರೆ ಈ ಬಡ್ಡಿ ಶೇ 42. ಆ ಖಾತೆಗೆ ಆಧಾರವಾಗಿರುವ ನಿಮ್ಮದೇ ಠೇವಣಿಗೆ ಬ್ಯಾಂಕ್ ಕೊಡುವ ಬಡ್ಡಿ ಇದರ ಹತ್ತಿರವೂ ಸುಳಿಯದು. ಉಳಿತಾಯ ಖಾತೆಯಿಂದ ಪೂರ್ತಿ ಮೊತ್ತ ತಾನಾಗಿಯೇ ಕಡಿತವಾಗುವಂತೆ ಮೊದಲ ದಿನವೇ ಆಟೊ ಡೆಬಿಟ್ ವ್ಯವಸ್ಥೆ ಮಾಡಿಕೊಳ್ಳಿ. ಅಲ್ಲಿ ‘ಪೂರ್ತಿ’ ಮತ್ತು ‘ಕನಿಷ್ಠ’ ಎಂಬ ಎರಡು ಆಯ್ಕೆಗಳಿರುವುದರಿಂದ ಯಾವುದನ್ನು ಒತ್ತಿದ್ದೀರಿ ಎಂದು ಇನ್ನೊಮ್ಮೆ ನೋಡಿ.

ಅಂಕ ಬೆಳೆಯುವುದಕ್ಕೆ ಮುಖ್ಯವಾಗಿ ಬೇಕಾದದ್ದು ತಪ್ಪದ ಪಾವತಿ. ಅದರ ನಂತರದ್ದು ಮಿತಿಯಲ್ಲಿ ನೀವು ಬಳಸುವ ಪಾಲು. ₹20,000 ಠೇವಣಿಗೆ ₹16,000 ಮಿತಿ ಸಿಕ್ಕಿದ್ದರೆ, ಅದರ ಶೇ 30, ಅಂದರೆ ₹4,800ರ ಒಳಗೆ ಬಿಲ್ ಇರುವಂತೆ ನೋಡಿಕೊಳ್ಳುವುದು ರೂಢಿಯ ಸಲಹೆ. ಇದು ಕಾನೂನಲ್ಲ, ಆದರೆ ಅನುಸರಿಸಲು ಯೋಗ್ಯವಾದದ್ದು. ಪರೀಕ್ಷಾ ಶುಲ್ಕ ಕಟ್ಟಿದ ತಿಂಗಳಲ್ಲಿ ಖರ್ಚು ಅದನ್ನು ಮೀರಿದರೆ, ಬಿಲ್ ಆಗುವ ಮೊದಲೇ ಒಂದಷ್ಟು ಹಣ ಕಟ್ಟಿಬಿಡಬಹುದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಅವಕಾಶ ಬಂದಿದೆ. ದರ್ಶಿನಿಯ ಕಾಫಿಗೂ ಜೆರಾಕ್ಸ್ ಅಂಗಡಿಗೂ ಅದೇ ಕ್ಯೂಆರ್ ಕೋಡಿನಲ್ಲಿ ಸಾಲ ಏರುತ್ತ ಹೋಗುವುದು ಗೊತ್ತೇ ಆಗುವುದಿಲ್ಲ. ಮೊದಲ ವರ್ಷ ಕಾರ್ಡನ್ನು ಯುಪಿಐಗೆ ಜೋಡಿಸದೆ, ಮೊಬೈಲ್ ರೀಚಾರ್ಜ್ ಮತ್ತು ಬಸ್ ಪಾಸಿನಂಥ ಒಂದೆರಡು ಖರ್ಚುಗಳಿಗೆ ಮಾತ್ರ ಮೀಸಲಿಡಿ ಎಂದು ನಾನು ನನ್ನ ಮನೆಯ ಮಕ್ಕಳಿಗೂ ಹೇಳಿದ್ದೇನೆ.

ಪೋಷಕರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ‘ಹೇಗೂ ಎಫ್‌ಡಿ ಇದೆಯಲ್ಲ, ಕಟ್ಟದಿದ್ದರೆ ಅದರಲ್ಲೇ ಮುರಿದುಕೊಳ್ಳುತ್ತಾರೆ’ ಎಂದು ಅವರು ನಿಶ್ಚಿಂತೆಯಿಂದಿರುತ್ತಾರೆ. ಠೇವಣಿಯಿಂದ ಬ್ಯಾಂಕಿನ ಹಣಕ್ಕೆ ರಕ್ಷಣೆ ಸಿಗುತ್ತದೆಯೇ ಹೊರತು ನಿಮ್ಮ ಮಗುವಿನ ಹೆಸರಿಗಲ್ಲ. ಬ್ಯಾಂಕ್ ಠೇವಣಿ ಮುರಿದು ಬಾಕಿ ವಸೂಲು ಮಾಡಿಕೊಂಡರೂ, ಅದಕ್ಕೆ ಮೊದಲು ಕಟ್ಟದೆ ಬಿಟ್ಟ ತಿಂಗಳುಗಳು ವರದಿಯಲ್ಲಿ ಹಾಗೆಯೇ ಉಳಿಯುತ್ತವೆ. ನಾನು ಬಲ್ಲ ಒಬ್ಬ ವಿದ್ಯಾರ್ಥಿನಿ ಇಂಟರ್ನ್‌ಶಿಪ್‌ಗೆಂದು ಊರು ಬದಲಿಸಿದಾಗ ಮೊಬೈಲ್ ಸಂಖ್ಯೆಯನ್ನೂ ಬದಲಿಸಿದಳು, ಬ್ಯಾಂಕಿಗೆ ತಿಳಿಸಲಿಲ್ಲ. ಕಾರ್ಡನ್ನು ಅವಳು ಬಳಸುತ್ತಲೂ ಇರಲಿಲ್ಲ. ಅಷ್ಟರಲ್ಲಿ ₹499 ವಾರ್ಷಿಕ ಶುಲ್ಕ, ಜಿಎಸ್‌ಟಿ ಸೇರಿ ₹588.82, ಬಿಲ್ಲಿಗೆ ಬಿದ್ದಿತ್ತು. ಸಂದೇಶಗಳೆಲ್ಲ ಹಳೆಯ ಸಂಖ್ಯೆಗೇ ಹೋದವು. ಆರು ನೂರು ರೂಪಾಯಿಯೂ ಇಲ್ಲದ ಆ ಬಾಕಿ ಅವಳ ಮೊದಲ ಸಿಬಿಲ್ ವರದಿಯಲ್ಲಿ ತಿಂಗಳುಗಳ ತಡವಾಗಿ ಕಾಣಿಸಿಕೊಂಡದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಯ ದಿನ ಒಂದೆರಡು ದಿನ ತಪ್ಪಿದರೆ ಗಾಬರಿ ಬೇಡ. ಕೊನೆಯ ದಿನಾಂಕ ದಾಟಿ ಮೂರು ದಿನಕ್ಕಿಂತ ಹೆಚ್ಚಾದಾಗ ಮಾತ್ರ ಖಾತೆಯನ್ನು ಬಾಕಿ ಎಂದು ವರದಿ ಮಾಡಬಹುದು, ತಡಪಾವತಿ ಶುಲ್ಕ ಹಾಕಬಹುದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಅದೇ ನಿರ್ದೇಶನದಂತೆ, ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾರ್ಡಿನ ಮಿತಿಯನ್ನು ಏರಿಸುವಂತಿಲ್ಲ, ನೀವು ಕೇಳದ ಕಾರ್ಡನ್ನು ಕಳಿಸುವಂತೆಯೂ ಇಲ್ಲ.

ಆರು ತಿಂಗಳು ಕಳೆದ ಮೇಲೆ ನಿಮ್ಮ ವರದಿಯನ್ನು ತರಿಸಿ ನೋಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸ್ವತಃ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಾಗಿರುವುದರಿಂದ, ಕಟ್ಟಿದ ಹಣ ವರದಿಯಲ್ಲಿ ಬೇಗ ಕಾಣಿಸುತ್ತದೆ. ತಪ್ಪು ಕಂಡರೆ ಆ ಕಂಪನಿಗೂ ಬ್ಯಾಂಕಿಗೂ ದೂರು ಕೊಡಿ. 30 ದಿನಗಳಲ್ಲಿ ಸರಿಯಾಗದಿದ್ದರೆ ಆ ಬಳಿಕದ ಪ್ರತಿ ದಿನಕ್ಕೆ ₹100 ಪರಿಹಾರ ಪಡೆಯುವ ಹಕ್ಕು ನಿಮ್ಮದು. ದೂರಿನ ಬಗ್ಗೆ ಮಾಹಿತಿ ಬೇಕಿದ್ದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಬಹುದು.

ಕೆಲಸ ಸಿಕ್ಕು ಸಂಬಳದ ಆಧಾರದ ಕಾರ್ಡ್ ಬಂದ ಕೂಡಲೇ ಹಳೆಯ ಎಫ್‌ಡಿ ಕಾರ್ಡನ್ನು ಮುಚ್ಚುವ ಆತುರ ಬೇಡ, ಏಕೆಂದರೆ ನಿಮ್ಮ ದಾಖಲೆಯಲ್ಲಿ ಅತ್ಯಂತ ಹಳೆಯ ಖಾತೆ ಅದೇ. ಮುಚ್ಚಲೇಬೇಕಾದರೆ ಪೂರ್ತಿ ಬಾಕಿ ಕಟ್ಟಿ ಲಿಖಿತ ಕೋರಿಕೆ ಕೊಡಿ. ಏಳು ಕೆಲಸದ ದಿನಗಳಲ್ಲಿ ಬ್ಯಾಂಕ್ ಅದನ್ನು ಮುಚ್ಚಬೇಕು, ತಡವಾದರೆ ದಿನಕ್ಕೆ ₹500ರಂತೆ ನಿಮಗೆ ದಂಡ ತೆರಬೇಕು. ಬಾಕಿ ಇಲ್ಲವೆಂಬ ಪತ್ರ ಪಡೆದು, ಠೇವಣಿಯ ಮೇಲಿನ ಲೀನ್ ತೆಗೆಸಿ, ಮುಂದಿನ ತಿಂಗಳ ವರದಿಯಲ್ಲಿ ಆ ಖಾತೆಯ ಎದುರು ‘ಮುಚ್ಚಲಾಗಿದೆ’ ಎಂದು ಬಂದಿದೆಯೇ ಎಂದು ನೋಡಿದ ಮೇಲೆ ಠೇವಣಿಯ ಹಣವನ್ನು ಮನೆಗೆ ತನ್ನಿ.