ಜೆ ಪೌಚ್ ಊದಿಕೊಂಡಿದೆಯಾ? ಮಾತ್ರೆಗಿಂತ ಮೊದಲು ಕಾರಣ ಹುಡುಕಿ

ದೊಡ್ಡ ಕರುಳಿನಲ್ಲಿ ಊತ, ಹುಣ್ಣು ತರುವ ಅಲ್ಸರೇಟಿವ್ ಕೊಲೈಟಿಸ್‌ಗೆ ದೊಡ್ಡ ಕರುಳು ತೆಗೆಸಿ ಜೆ ಪೌಚ್ (ಮಲ ನಿಲ್ಲಲು ಸಣ್ಣ ಕರುಳಿನಿಂದಲೇ ಮಾಡುವ ಚೀಲ) ಮಾಡಿಸಿಕೊಂಡವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ಮುಂದೆ ಯಾವಾಗಲಾದರೂ ಒಮ್ಮೆ ಪೌಚೈಟಿಸ್ ಬರುತ್ತದೆ. ಅಂದರೆ ಪೌಚ್‌ನ ಒಳಪದರ ಕೆಂಪಾಗಿ ಊದಿಕೊಳ್ಳುತ್ತದೆ. ಬಂದ ಕೂಡಲೇ "ಕರುಳೇ ತೆಗೆಸಿದ್ದಾಯ್ತು, ಮತ್ತೆ ಅದೇ ಕಾಯಿಲೆನಾ?" ಅಂತ ಮನಸ್ಸು ಕುಸಿಯುತ್ತದೆ. ಗಾಬರಿ ಬೇಡ. ಹೋದ ಸಲ ಉಳಿದ ಆಂಟಿಬಯಾಟಿಕ್ ಹುಡುಕಿ ನುಂಗುವುದೂ ಬೇಡ, ಯಾಕೆಂದರೆ ಹೊರಗೆ ಕಾಣುವ ತೊಂದರೆ ಒಂದೇ ಆದರೂ ಒಳಗಿನ ಕಾರಣ ಬೇರೆ ಬೇರೆ ಇರುತ್ತದೆ, ಕಾರಣ ಬದಲಾದರೆ ಔಷಧಿಯೂ ಬದಲಾಗುತ್ತದೆ.

ಮೊದಲು ನಿಮ್ಮ ಮಾಮೂಲಿ ಎಷ್ಟು ಅಂತ ಬರೆದಿಡಿ. ಪೌಚ್ ಇರುವವರು ದಿನಕ್ಕೆ 4ರಿಂದ 8 ಸಲ ಟಾಯ್ಲೆಟ್‌ಗೆ ಹೋಗುವುದು ಸಹಜ. ಅದು ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ತಡೆಯಲಾಗದಷ್ಟು ಅವಸರವಾದರೆ, ರಾತ್ರಿ ನಿದ್ದೆಯಲ್ಲಿ ಸೋರಿದರೆ, ಕೆಳಹೊಟ್ಟೆ ಹಿಂಡಿದರೆ, ಜ್ವರವೋ ರಕ್ತವೋ ಕಂಡರೆ ತಾರೀಖು ಹಾಕಿ ಗುರುತು ಮಾಡಿಕೊಳ್ಳಿ. ಡಾಕ್ಟರ್ ಮುಂದೆ "ಸ್ವಲ್ಪ ಜಾಸ್ತಿ ಆಗಿದೆ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ ಅಲ್ವಾ?

ಇನ್ನು ಕಾರಣಕ್ಕೆ ಬರೋಣ. ಪೌಚ್ ಮಾಡುವುದು ಸಣ್ಣ ಕರುಳಿನ ಕೊನೆಯ ತುಂಡಿನಿಂದ. ಆ ಭಾಗಕ್ಕೆ ಮಲವನ್ನು ಮುಂದಕ್ಕೆ ತಳ್ಳಿ ಗೊತ್ತೇ ಹೊರತು ಗಂಟೆಗಟ್ಟಲೆ ಹಿಡಿದಿಟ್ಟು ಅಭ್ಯಾಸವಿಲ್ಲ. ಹೀಗೆ ನಿಲ್ಲುವುದರಿಂದ ಅಲ್ಲಿನ ಬ್ಯಾಕ್ಟೀರಿಯಾಗಳ ಲೆಕ್ಕಾಚಾರ ಬದಲಾಗುತ್ತದೆ, ಒಳಪದರವೂ ನಿಧಾನಕ್ಕೆ ದೊಡ್ಡ ಕರುಳಿನಂತೆ ಆಗುತ್ತಾ ಹೋಗುತ್ತದೆ. ಹಾಗಂತ ಪೌಚ್ ಒಂದೇ ತಪ್ಪಿತಸ್ಥ ಅಲ್ಲ. ದೊಡ್ಡ ಕರುಳಿನಲ್ಲಿ ಗಂಟುಗಳು ಬೆಳೆಯುವ, ವಂಶದಲ್ಲಿ ಬರುವ ಪಾಲಿಪೋಸಿಸ್ ಕಾಯಿಲೆಗೆ ಇದೇ ಸರ್ಜರಿ ಮಾಡಿಸಿಕೊಂಡವರಿಗೆ ಪೌಚೈಟಿಸ್ ಬರುವುದು ಬಹಳ ಅಪರೂಪ. ಅಂದರೆ ಕೊಲೈಟಿಸ್ ತಂದ ರೋಗನಿರೋಧಕ ವ್ಯವಸ್ಥೆಯ ಸ್ವಭಾವ ನಮ್ಮ ಮೈಯಲ್ಲೇ ಉಳಿದಿದೆ, ಹೊಸ ಬ್ಯಾಕ್ಟೀರಿಯಾಗಳನ್ನು ಕಂಡು ಅದು ಮತ್ತೆ ಕೆರಳುತ್ತದೆ ಎಂದೇ ತಜ್ಞರು ನಂಬುತ್ತಾರೆ. ಪಿತ್ತನಾಳಗಳ ಕಾಯಿಲೆ ಪಿಎಸ್‌ಸಿ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಆದ್ದರಿಂದ "ಮದುವೆ ಮನೆಯಲ್ಲಿ ಖಾರ ತಿಂದೆ, ಅದಕ್ಕೇ ಹೀಗಾಯ್ತು" ಎಂದು ದಯವಿಟ್ಟು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಮನೆಯವರೂ ಬೈಯುವುದು ಬೇಡ. ಖಾರದಿಂದ ಉರಿ ಹೆಚ್ಚಬಹುದು, ಆದರೆ ಪೌಚ್ ಊದುವುದಕ್ಕೆ ಅದೇ ಕಾರಣ ಅನ್ನುವಂತಿಲ್ಲ.

ನಿಮ್ಮ ಕೈಯಲ್ಲೇ ಇರುವ ಒಂದು ಕಾರಣ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನೆಪ್ರಾಕ್ಸೆನ್ ಇವೆಲ್ಲ ಪೌಚ್ ಕೆರಳಿಸುತ್ತವೆ. ನಮ್ಮಲ್ಲಿ ಮಂಡಿ ನೋವು, ತಲೆನೋವು ಅಂದರೆ ಸಾಕು, ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆಯೇ ಕೊಟ್ಟುಬಿಡುತ್ತಾರೆ. ಪ್ಯಾರಾಸಿಟಮಾಲ್ ಎಂದುಕೊಂಡು ತಂದ ಮಾತ್ರೆಯಲ್ಲೂ ಅಸಿಕ್ಲೋಫೆನಾಕ್ ಬೆರೆತಿರಬಹುದು, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿಯೇ ನುಂಗಿ. ಬರೀ ಪ್ಯಾರಾಸಿಟಮಾಲ್ ಆದರೆ ಹೇಳಿದ ಅಳತೆಯಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ.

ಹಲ್ಲಿಗೋ ಗಂಟಲಿಗೋ ಇತ್ತೀಚೆಗೆ ಆಂಟಿಬಯಾಟಿಕ್ ತಗೊಂಡಿದ್ದರೆ ಅದನ್ನು ಮರೆಯದೆ ಹೇಳಿ. ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಅಂಥ ಸಮಯದಲ್ಲಿ ಬೆಳೆಯಬಹುದು, ಮಲ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸ್ಟೆರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವವರಲ್ಲಿ ಸಿಎಂವಿ ವೈರಸ್ ಸೋಂಕನ್ನೂ ನೋಡಬೇಕಾಗುತ್ತದೆ.

ಎಲ್ಲವೂ ಪೌಚೈಟಿಸ್ ಅಲ್ಲ. ಗುದದ್ವಾರದ ಹತ್ತಿರ ಉಳಿದಿರುವ ಹಳೇ ಮಲನಾಳದ ಚೂರು (ಕಫ್) ಊದಿದ್ದರೆ ಅದು ಕಫೈಟಿಸ್, ಅದಕ್ಕೆ ಮೊದಲು ಕೊಡುವುದು ಮೆಸಲಮೈನ್ ಸಪೋಸಿಟರಿ, ಅಂದರೆ ಗುದದ್ವಾರದೊಳಗೆ ಇಡುವ ಮಾತ್ರೆ. ಹೊಲಿಗೆಯ ಜಾಗ ಬಿಗಿದಿದ್ದರೆ ಹಿಗ್ಗಿಸಬೇಕು. ಕೆಲವರಿಗೆ ತೊಂದರೆ ಪೂರ್ತಿ ಇರುತ್ತದೆ, ಊತವೇ ಇರುವುದಿಲ್ಲ. ಕರುಳಿನಲ್ಲಿ ಊತ ತರುವ ಇನ್ನೊಂದು ಕಾಯಿಲೆ ಕ್ರೋನ್ಸ್ ಕೂಡ ಹೀಗೇ ಶುರುವಾಗಬಹುದು. ನಮ್ಮ ದೇಶದಲ್ಲಿ ಇನ್ನೊಂದು ಮಾತು: ಕರುಳಿನ ಟಿಬಿ ನೋಡಲು ಥೇಟ್ ಕ್ರೋನ್ಸ್ ತರಹವೇ ಇರುತ್ತದೆ, ಅದಕ್ಕೇ ಜೋರಾದ ಔಷಧಿ ಶುರುಮಾಡುವ ಮೊದಲು ಟಿಬಿ ಪರೀಕ್ಷೆ ಆಗಿದೆಯಾ ಅಂತ ಸಂಕೋಚವಿಲ್ಲದೆ ಕೇಳಿ.

ಇದನ್ನೆಲ್ಲ ಬಿಡಿಸಿ ಹೇಳುವುದು ಪೌಚೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ಪೌಚ್ ಒಳಗೆ ನೋಡುವ ಪರೀಕ್ಷೆ. ಕೊಲೊನೋಸ್ಕೋಪಿಯಷ್ಟು ಹೊತ್ತು ಹಿಡಿಯುವುದಿಲ್ಲ. ಪೌಚ್, ಅದರ ಮೇಲಿನ ಸಣ್ಣ ಕರುಳು, ಕೆಳಗಿನ ಕಫ್ ಮೂರನ್ನೂ ನೋಡಿ ಬಯಾಪ್ಸಿ ತೆಗೆಯುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ಸರ್ಜರಿಯ ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ, ಊರಿನ ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ ಪೌಚ್ ಇರುವ ರೋಗಿಯನ್ನು ನೋಡಿರಲಿಕ್ಕಿಲ್ಲ.

ಮಾಮೂಲಿ ಪೌಚೈಟಿಸ್ ಆದರೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಮೆಟ್ರೋನಿಡಜೋಲ್ ಎಂಬ ಆಂಟಿಬಯಾಟಿಕ್ ಸುಮಾರು ಎರಡು ವಾರ ಕೊಡುತ್ತಾರೆ, ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ಇವುಗಳ ಅಡ್ಡಪರಿಣಾಮವಾಗಿ ಹಿಮ್ಮಡಿಯ ಸ್ನಾಯು ನೋವು ಅಥವಾ ಕಾಲು ಜೋಮು ಶುರುವಾದರೆ ತಕ್ಷಣ ಹೇಳಿ. ಮಾತ್ರೆ ಬಿಟ್ಟ ಕೂಡಲೇ ಪೌಚೈಟಿಸ್ ಮರಳುತ್ತಿದ್ದರೆ, ಇಲ್ಲವೇ ಬಗ್ಗದೇ ಇದ್ದರೆ ಅದೇ ಮಾತ್ರೆ ಎಳೆಯುತ್ತಾ ಕೂರಬೇಡಿ. ಯುರೋಪಿನಲ್ಲಿ ಹಟಮಾರಿ ಪೌಚೈಟಿಸ್‌ಗೆ 2022ರಲ್ಲಿ ಕರುಳಿನ ಊತ ತಗ್ಗಿಸುವ ಔಷಧಿ ವೆಡೋಲಿಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿದೆ, ಅದರ ಬಗ್ಗೆ ತಜ್ಞರನ್ನು ಕೇಳಿ.

ಅಲ್ಲಿಯವರೆಗೆ ಓಆರ್‌ಎಸ್, ಉಪ್ಪು ಹಾಕಿದ ಗಂಜಿ ತಪ್ಪಿಸಬೇಡಿ. ಜ್ವರ ಅಥವಾ ರಕ್ತ ಇದ್ದಾಗ ಡಾಕ್ಟರನ್ನು ಕೇಳದೆ ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ಬೇಡ. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ಗ್ಯಾಸೂ ಹೋಗದೆ ನಿಂತರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.